ಸಕಲೇಶಪುರದ ಕಡೆ ವಾಪಸ್ ಬರುತ್ತಿರುವ ಗೆಳೆಯನಿಗೆ

ಮೂಡಿಗೆರೆ

ಪ್ರೀತಿಯ ಗೆಳೆಯಾ,

ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಹಾನುಬಾಳಿನ ಕಾಫಿ ತೋಟದ ಮನೆಗೆ ಬರುತ್ತೇನೆ, ಇನ್ನು ಮೇಲೆ ಆಫೀಸು ಕೆಲಸ ಮನೆಯಿಂದಲೇ ಅಂತ ಬರೆದಿದ್ದೀಯಲ್ಲ, ಓದಿ ತುಂಬ ಖುಷಿಯಾಯಿತು. ಯಾವ ಮೇಜು, ಯಾವ ಕುರ್ಚಿ ತಗೊಳ್ಳಲಿ ಅಂತ ಕೇಳಿದ್ದೀಯ. ಹೇಳುತ್ತೇನೆ. ಅದಕ್ಕಿಂತ ದೊಡ್ಡ ವಿಷಯ ಒಂದಿದೆ, ಮೊದಲು ಅದನ್ನು ಕೇಳು.

ನಮ್ಮ ಕಡೆ ಕೆಲಸ ಅಂದರೆ ಕಣ್ಣಿಗೆ ಕಾಣಬೇಕು. ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು, ಗಿಡದ ಚಿಗುರು ತೆಗೆಯುವುದು, ಮೆಣಸು ಕೊಯ್ಯುವುದು, ಎಲ್ಲ ಕಾಣುತ್ತದೆ. ಲ್ಯಾಪ್‌ಟಾಪ್ ಮುಂದೆ ಕೂತವನು ಮನೆಯವರ ಲೆಕ್ಕದಲ್ಲಿ ಪುರುಸೊತ್ತಾಗಿ ಇರುವವನು. 'ದನ ತೋಟಕ್ಕೆ ನುಗ್ಗಿದೆ ನೋಡು', 'ಅವ್ವನ್ನ ಸಂತೆಗೆ ಬಿಟ್ಟು ಬಾ' ಅಂತ ಕರೆಯುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ನಿನ್ನ ಕೆಲಸ ಯಾವಾಗ ಶುರು, ಯಾವಾಗ ಮುಗಿಯಿತು ಅಂತ ಅವರಿಗೆ ಗೊತ್ತಾಗುವ ದಾರಿಯೇ ಇರುವುದಿಲ್ಲ. ಆ ದಾರಿ ಮಾಡಿಕೊಡಬೇಕಾದವನು ನೀನು. ಜಗಲಿಯಲ್ಲೋ ನಡುಮನೆಯಲ್ಲೋ ಕೂರಬೇಡ. ಬಾಗಿಲಿರುವ ಒಂದು ಕೋಣೆ ಹಿಡಿ. ಬಾಗಿಲು ಹಾಕಿದ್ದರೆ ಕೆಲಸದಲ್ಲಿದ್ದೀಯ, ತೆರೆದಿದ್ದರೆ ಯಾರು ಬೇಕಾದರೂ ಬರಬಹುದು. ಈ ಮಾತನ್ನು ಮೊದಲ ದಿನವೇ ಅಪ್ಪಾಜಿ ಹತ್ತಿರ ಕೂತು ಹೇಳು. ತೆರೆದ ಬಾಗಿಲಿಗೂ ಅಷ್ಟೇ ಬೆಲೆ ಕೊಡು. ಊಟದ ಹೊತ್ತಿಗೆ ಫೋನ್ ಒಳಗೇ ಇರಲಿ.

ವೇಳಾಪಟ್ಟಿಯನ್ನು ಬೆಂಗಳೂರಿನಿಂದ ಹಾಗೇ ತರಬೇಡ. ತೋಟದ ಗಡಿಯಾರ ನೋಡಿ ಮಾಡಿಕೋ. ನಿನ್ನ ಟೀಮು ನ್ಯೂಯಾರ್ಕಿನಲ್ಲಿದೆ ಅಂದೆಯಲ್ಲ. ಅಲ್ಲಿ ಬೆಳಗ್ಗೆ 9 ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 6.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಮಾರ್ಚ್‌ವರೆಗೆ ಅದು 7.30 ಆಗುತ್ತದೆ. ಇದು ನಿನಗೆ ಒಳ್ಳೆಯದೇ. ನವೆಂಬರ್‌ನಿಂದಲೇ ಅಲ್ವಾ ನಮ್ಮಲ್ಲಿ ಅರೇಬಿಕಾ ಕಾಫಿ ಕೊಯ್ಲು ಜೋರಾಗುವುದು? ಸಂಜೆ ಹಣ್ಣು ತೂಗುವ ಹೊತ್ತಿಗೆ ಅಪ್ಪಾಜಿಗೆ ಪಕ್ಕದಲ್ಲಿ ಒಬ್ಬರು ಬೇಕು. ಆ ಒಂದು ಗಂಟೆಯನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಹಿಡಿದಿಡು. ತೂಕ ಬರೆದು, ಸ್ನಾನ ಮಾಡಿ, ಕಾಲ್‌ಗೆ ಆರಾಮಾಗಿ ಕೂರಬಹುದು. ರೋಬಸ್ಟಾ ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕುವ ದಿನಗಳಿಗೆ ರಜೆ ಉಳಿಸಿಕೋ. ಪೈಪು ಬದಲಾಯಿಸುತ್ತಾ ಮೀಟಿಂಗ್‌ನಲ್ಲಿ ಮಾತಾಡಿದರೆ ಎರಡೂ ಕೆಡುತ್ತವೆ. ರಾತ್ರಿ ತಡವಾಗಿ ಮುಗಿಸಿದ ಮಾರನೇ ದಿನ ಬೆಳಗ್ಗೆ ತಡವಾಗಿಯೇ ಶುರು ಮಾಡು. ನಿದ್ದೆಯಲ್ಲಿ ಮಾತ್ರ ಚೌಕಾಸಿ ಬೇಡ.

ಈಗ ಕೋಣೆ. ಜಿಂಕ್ ಶೀಟಿನ ಕೆಳಗಿನದು ಬೇಡವೇ ಬೇಡ. ಜುಲೈ ಮಳೆ ಶೀಟಿನ ಮೇಲೆ ಬಿದ್ದರೆ ನಿನ್ನ ಮಾತು ನಿನಗೇ ಕೇಳಿಸುವುದಿಲ್ಲ. ನಿಮ್ಮ ಹಳೇ ಮನೆಯಲ್ಲಿ ಬಚ್ಚಲೊಲೆಯ ಗೋಡೆಗೆ ತಾಗಿದ ಕೋಣೆ ಇದೆಯಲ್ಲ, ನನ್ನ ಕೇಳಿದರೆ ಅದೇ ಸರಿ. ಮೇಲೆ ಹಲಗೆ ಹಾಕಿದ ಅಟ್ಟ ಇದೆ, ಸದ್ದು ಕಮ್ಮಿ. ಒಲೆ ದಿನಾ ಉರಿಯುವುದರಿಂದ ಗೋಡೆ ಬೆಚ್ಚಗೆ, ಮಳೆಗಾಲದಲ್ಲೂ ಬೂಷ್ಟು ಜಾಸ್ತಿ ಹಿಡಿಯುವುದಿಲ್ಲ. ಕಿಟಕಿ ಪಕ್ಕಕ್ಕೆ ಬರುವ ಹಾಗೆ ಮೇಜು ಇಡು. ಬೆನ್ನ ಹಿಂದೆ ಕಿಟಕಿ ಇದ್ದರೆ ವಿಡಿಯೋದಲ್ಲಿ ಮುಖ ಕಪ್ಪಾಗುತ್ತದೆ.

ಮೇಜು ಕೊಳ್ಳಬೇಡ. ತಾತನ ಕಾಲದ ಹಲಸಿನ ಮರದ ಮೇಜೇ ಸಾಕು. ಕೊಂಚ ಎತ್ತರ ಅನ್ನಿಸಿದರೆ ಎತ್ತರಿಸಬಹುದಾದ ಕುರ್ಚಿ ತಗೋ, ಕಾಲ ಕೆಳಗೆ ಒಂದು ಮಣೆ ಹಾಕಿಕೋ. ಮೊಣಕೈ ಸುಮಾರು ತೊಂಬತ್ತು ಡಿಗ್ರಿ ಮಡಿಚಿರಬೇಕು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕು. ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕ ಇಟ್ಟು ಕೀಬೋರ್ಡ್ ಬೇರೆ ಮಾಡಿಕೊಂಡರೆ ಆಯಿತು. 20 ನಿಮಿಷಕ್ಕೊಮ್ಮೆ 20 ಸೆಕೆಂಡ್ 20 ಅಡಿ ದೂರ ನೋಡಬೇಕು ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಾರೆ. ಕಿಟಕಿಯಾಚೆ ನಿಮ್ಮ ಸಿಲ್ವರ್ ಓಕ್ ಇದೆ, ಅದನ್ನೇ ನೋಡು.

ದುಡ್ಡು ಹಾಕಬೇಕಾದ್ದು ಕರೆಂಟಿಗೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಸರಿಹೋಗಲು ದಿನಗಳೇ ಹಿಡಿಯುವುದುಂಟು. ಇನ್ವರ್ಟರಿಗೆ 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಲೆಕ್ಕಕ್ಕೆ 1800 ವ್ಯಾಟ್-ಅವರ್. ನಷ್ಟ ಕಳೆದು ಸಾವಿರ ಸಿಕ್ಕಿತು ಅಂತಿಟ್ಟುಕೋ. ಲ್ಯಾಪ್‌ಟಾಪ್, ರೂಟರ್, ಒಂದು ಎಲ್‌ಇಡಿ ಬಲ್ಬು ಸೇರಿ 80 ವ್ಯಾಟ್ ಎಳೆದರೆ ಹತ್ತು ಗಂಟೆಗೆ ಮೋಸವಿಲ್ಲ. ಟಿವಿ, ಫ್ರಿಜ್ ಅದಕ್ಕೇ ಸೇರಿದರೆ ಮಧ್ಯಾಹ್ನದೊಳಗೆ ಖಾಲಿ. ಹಾಗಾಗಿ ನಿನ್ನ ಕೋಣೆಗೆ ಇನ್ವರ್ಟರಿನ ಲೈನ್ ಬೇರೆಯೇ ಎಳೆಸು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ಗಾಳಿಯಾಡುವ ಜಾಗದಲ್ಲೇ ಇಡಿಸು.

ಸಿಡಿಲಿನ ವಿಷಯ ನಿನಗೆ ಗೊತ್ತು. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕೀಳು. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ರೂಟರಿನ ಅಡಾಪ್ಟರ್ ಕರೆಂಟ್ ಲೈನಿಗೇ ಚುಚ್ಚಿರುತ್ತದಲ್ಲ. ಫೈಬರ್ ಕೇಬಲ್ಲನ್ನು ಮರದಿಂದ ಮರಕ್ಕೆ ಕಟ್ಟಿ ತಂದಿದ್ದರೆ ಒಂದು ಕೊಂಬೆ ಬಿದ್ದರೂ ಸಾಕು, ಇಂಟರ್ನೆಟ್ ಹೋಯಿತು. ಬೇರೆ ಕಂಪನಿಯ ಸಿಮ್ ಒಂದು ಇರಲಿ, ಮನೆ ಸುತ್ತ ನಡೆದು ಎಲ್ಲಿ ಸಿಗ್ನಲ್ ಹಿಡಿಯುತ್ತದೆ ಅಂತ ಮೊದಲೇ ನೋಡಿಡು. ಕರೆಂಟ್ ಬಹಳ ಹೊತ್ತು ಹೋದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಅಂಥ ದಿನಕ್ಕೆ ಹಾಸನದಲ್ಲಿ ಅಕ್ಕನ ಮನೆ ಇದೆಯಲ್ಲ, ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್. ಜೋರು ಮಳೆಯ ವಾರ ಅಲ್ಲಿಗೆ ಹೋಗುತ್ತೇನೆ ಅಂತ ಅಕ್ಕನಿಗೂ ನಿನ್ನ ಮ್ಯಾನೇಜರ್‌ಗೂ ಮೇ ತಿಂಗಳಲ್ಲೇ ಹೇಳು. ಮಳೆ ಹಿಡಿದ ಮೇಲೆ ಹೇಳಿದರೆ ನೆಪ ಅನ್ನಿಸುತ್ತದೆ.

ವೈರಿಂಗ್ ಜೂನ್‌ಗೆ ಮೊದಲು ಮುಗಿಯಬೇಕು. ನಮ್ಮ ಮನೆಗೆ ಮಾಡಿದ ಎಲೆಕ್ಟ್ರಿಷಿಯನ್‌ಗೆ ಹೇಳಿಟ್ಟಿದ್ದೇನೆ, ಬರುವ ದಿನ ತಿಳಿಸು, ಕರೆದುಕೊಂಡು ಬರುತ್ತೇನೆ. ಬಚ್ಚಲ ಪಕ್ಕದ ಕೋಣೆಯಲ್ಲಿ ಗೊಬ್ಬರದ ಚೀಲ ತುಂಬಿದ್ದರೆ ಅಷ್ಟರಲ್ಲಿ ಖಾಲಿ ಮಾಡಿಸಲು ಅಪ್ಪಾಜಿಗೆ ಹೇಳು.

ಇಂತಿ,
ನಿನ್ನ ಗೆಳೆಯ