ಮಾಮಾನ ಅಂಗಾಲು ಉರಿ: ಅಕ್ಕನಿಗೆ ಒಂದು ಕಾಗದ

ಲಂಡನ್
ಭಾನುವಾರ

ಪ್ರೀತಿಯ ಅಕ್ಕ,

ನಮಸ್ಕಾರ. ನಾವೆಲ್ಲ ಆರಾಮ. ಹೊಲದ ವಿಷಯ ಆಮೇಲೆ ಬರೀತೀನಿ, ಮೊದಲು ಮಾಮಾನ ವಿಷಯ. ಈ ಕಾಗದ ನೀನೊಬ್ಬಳೇ ಓದು, ಚಿಕ್ಕಮ್ಮನ ಕೈಗೆ ಸಿಗೋದು ಬೇಡ.

ಕಾಲಿಗೆ ಚಾದರ ತಾಗಿದರೂ ಚೀರ್ತಾರೆ, "ಈ ಎಚ್‌ಐವಿ ಮಾತ್ರೆಯಿಂದಲೇ ಎಲ್ಲ, ಬಿಟ್ಟುಬಿಡ್ತೀನಿ" ಅಂತಾರೆ ಅಂತ ಬರೆದಿದ್ದೀಯ. ನಿನ್ನ ಕಾಲಿಗೆ ಬೀಳ್ತೀನಿ, ಒಂದು ದಿನವೂ ಬಿಡೋಕೆ ಕೊಡಬೇಡ. ಮಾಮಾ ಹೇಳೋದರಲ್ಲಿ ನಿಜವೂ ಇದೆ. 2004ರಲ್ಲಿ ಸರ್ಕಾರ ಪುಕ್ಕಟೆ ಎ.ಆರ್.ಟಿ., ಅಂದ್ರೆ ಎಚ್‌ಐವಿ ಚಿಕಿತ್ಸೆ, ಶುರು ಮಾಡಿದ ಹೊಸತರಲ್ಲಿ ಸ್ಟಾವುಡಿನ್ ಅನ್ನೋ ಔಷಧಿ ಇರ್ತಿತ್ತು. ಎಷ್ಟೋ ಜನರ ಜೀವ ಉಳಿಸ್ತು, ಎಷ್ಟೋ ಜನರ ಕಾಲಿನ ನರ ಕೆಡಿಸ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನ ಕೈಬಿಡಿ ಅಂತು. ಎಚ್‌ಐವಿಯಿಂದಲೂ ನರ ಕೆಡತ್ತೆ. ಈಗ ಕೊಡೋ, ಮೂರು ಔಷಧಿ ಸೇರಿದ ಟಿಎಲ್‌ಡಿ ಮಾತ್ರೆಯಲ್ಲಿ ಸ್ಟಾವುಡಿನ್ ಇಲ್ಲ. ಈ ಮಾತ್ರೆ ನಿಲ್ಲಿಸಿದರೆ ಉರಿ ಹೋಗಲ್ಲ, ವೈರಸ್ ಮತ್ತೆ ಏಳತ್ತೆ.

ನಮ್ಮ ಆಸ್ಪತ್ರೆಯಲ್ಲಿ ಮೊನ್ನೆ ಈ ನೋವಿನ ಬಗ್ಗೆಯೇ ಸಭೆ ಇತ್ತು. ಇಲ್ಲಿ ಸಂಶೋಧನೆಗೆ ಮೊದಲು ಕಾಯಿಲೆ ಇರೋರನ್ನೇ ಕೂರಿಸಿ ಏನು ಮಾಡಬೇಕು ಅಂತ ಕೇಳ್ತಾರೆ, ಅವರ ಸಮಯಕ್ಕೆ ದುಡ್ಡೂ ಕೊಡ್ತಾರೆ! ಮಾಮಾನ ವಯಸ್ಸಿನ ಹೆಂಗಸೊಬ್ಬರು ಈ ಚಳಿಯಲ್ಲೂ ಗಂಡಸರ ಅಗಲ ಚಪ್ಪಲಿ ಹಾಕ್ಕೊಂಡು ಬಂದಿದ್ರು, ಬೂಟು ಮುಟ್ಟಿಸೋಕಾಗಲ್ಲ ಅಂತ. "ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡಿ ಎಲ್ಲ ಚೆನ್ನಾಗಿದೆ ಅಂತೀರಿ, ನನ್ನ ಕಾಲು ಯಾರೂ ನೋಡಲ್ಲ" ಅಂದ್ರು. ಇನ್ನೊಬ್ಬರು, ನೋವಿಗೆ ಹತ್ತಕ್ಕೆ ಎಷ್ಟು ಅಂತ ಕೇಳಬೇಡಿ, ರಾತ್ರಿ ನಿದ್ದೆ ಬಂತಾ, ಅಡುಗೆ ಮುಗಿಯೋವರೆಗೆ ನಿಲ್ಲೋಕಾಯ್ತಾ ಅಂತ ಕೇಳಿ ಅಂದ್ರು. ಗುಂಪಿನಲ್ಲಿ ವ್ಯಾಯಾಮ ಅಂದಾಗ ಸುಮಾರು ಜನ ಬೇಡ ಅಂದ್ರು, ಪರಿಚಯದವರು ಕಂಡರೆ ಅಂತ ಭಯ. ಊರವರ ಕಣ್ಣಿಗೆ ಬೀಳಬಾರದು ಅಂತ ಮಾಮಾ ಹುಬ್ಬಳ್ಳಿವರೆಗೆ ಹೋಗ್ತಾರಲ್ಲ, ಅದೇ ಭಯ ಇಲ್ಲೂ ಇದೆ. ನರದ ನೋವಿಗೆ ಕೊಡೋ ಅಮಿಟ್ರಿಪ್ಟಿಲಿನ್, ಪ್ರಿಗ್ಯಾಬಲಿನ್ ಎರಡೂ ಎಚ್‌ಐವಿ ಇರೋರ ಮೇಲಿನ ಪರೀಕ್ಷೆಗಳಲ್ಲಿ ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಮೇಲಾಗಲಿಲ್ಲ. ಅದಕ್ಕೇ ಇವರ ಮಾತು ಕೇಳಲೇಬೇಕು ಅಂತ ನನಗನ್ನಿಸ್ತು. ನಮ್ಮ ಮಾಮಾನ ಹತ್ರ ಯಾರು ಹೀಗೆ ಕೂತು ಕೇಳಿದ್ದಾರೆ ಹೇಳು.

ಇಲ್ಲಿ ಅಂಗಾಲಿಗೆ ಮೆಣಸಿನಕಾಯಿ ಪಟ್ಟಿ ಹಚ್ತಾರೆ ಗೊತ್ತಾ! ಮೆಣಸಿನಕಾಯಿಗೆ ಖಾರ ಕೊಡೋ ಕ್ಯಾಪ್ಸೈಸಿನ್ 8% ಇರತ್ತೆ, 30 ನಿಮಿಷ ಇಟ್ಟು ತೆಗೀತಾರೆ, ಕೆಲವರಿಗೆ ವಾರಗಟ್ಟಲೆ ಉರಿ ತಗ್ಗತ್ತೆ. ನಮ್ಮ ಬ್ಯಾಡಗಿ ಬಗ್ಗೆ ಎಲ್ಲರಿಗೂ ಹೇಳಿದೆ. ಆದ್ರೆ ಮನೇಲಿ ಖಾರದಪುಡಿ ಹಚ್ಚಬೇಡಿ ಮತ್ತೆ, ಚರ್ಮ ಸುಡತ್ತೆ.

ಈ ವಾರವೇ ಎ.ಆರ್.ಟಿ. ಸೆಂಟರ್‌ಗೆ ನೀನೇ ಜೊತೆಗೆ ಹೋಗು. "ಕಾಲುನೋವು" ಅಂತ ಹೇಳಿ ಸುಮ್ಮನಾಗಬೇಡಿ, ನಿದ್ದೆ ಇಲ್ಲ, ಚಪ್ಪಲಿ ಹಾಕೋಕಾಗಲ್ಲ ಅಂತ ಬಿಡಿಸಿ ಹೇಳಿ. ಶುಗರ್, ವಿಟಮಿನ್ ಬಿ12 ನೋಡಿಸಿ. ಟಿಬಿ ಮಾತ್ರೆ ತಗೋತಿದ್ರೆ ವಿಟಮಿನ್ ಬಿ6 ಕೇಳಿ. ಗುಟ್ಟು ಹೊರಗೆ ಹೋಗತ್ತೆ ಅನ್ನೋ ಹೆದರಿಕೆ ಬೇಡ, ಮಾಮಾನ ಒಪ್ಪಿಗೆ ಇಲ್ಲದೆ ಹೇಳಬಾರದು ಅಂತ 2017ರ ಎಚ್‌ಐವಿ ಕಾಯ್ದೆಯೇ ಇದೆ.

ಏನೂ ಆಗಲ್ಲ, ನಿಜವಾಗ್ಲೂ ಏನೂ ಆಗಲ್ಲ, ಮಾಮಾ ಗಟ್ಟಿ ಮನುಷ್ಯ. ದುಡ್ಡು ನಾಳೆ ಹಾಕ್ತೀನಿ. ಡ್ಯೂಟಿಗೆ ಹೊತ್ತಾಯ್ತು, ಬಸ್ ತಪ್ಪತ್ತೆ. ಅವ್ವಂಗೆ ನಮಸ್ಕಾರ ಹೇಳು. ಡಾಕ್ಟರ್ ಏನಂದ್ರು ಅಂತ ಅವತ್ತೇ ಫೋನ್ ಮಾಡು.

ನಿನ್ನ ತಂಗಿ