ವೀಸಾ ಕೊಡದಿರುವುದು ‘ತಾಂತ್ರಿಕ ಕಾರಣ’ವೇ?

ಮಾನ್ಯ ಸಂಪಾದಕರೇ,

ಲಂಡನ್ನಿನಲ್ಲಿ ಕಳೆದ ಶನಿವಾರ ನಡೆಯಬೇಕಿದ್ದ ಇರಾನಿ ಗಾಯಕಿಯ ಸಂಗೀತ ಕಛೇರಿ ‘ತಾಂತ್ರಿಕ ಕಾರಣಗಳಿಂದ’ ರದ್ದಾಯಿತೆಂದು ತಮ್ಮ ಪತ್ರಿಕೆ ವರದಿ ಮಾಡಿದೆ. ಮೈಕು ಕೆಟ್ಟಿರಲಿಲ್ಲ, ದೀಪವೂ ಆರಿರಲಿಲ್ಲ. ಪ್ಯಾರಿಸ್ಸಿನಲ್ಲಿ ಆಶ್ರಯ ಪಡೆದಿರುವ ಆ ಕಲಾವಿದೆಗೆ ಬ್ರಿಟನ್ನಿನ ವೀಸಾ ಬರಲಿಲ್ಲ ಎಂದು ಸಭಾಂಗಣದ ಬಾಗಿಲಿಗೆ ಅಂಟಿಸಿದ್ದ ಚೀಟಿಯೇ ಹೇಳುತ್ತಿತ್ತು. ಮೃದಂಗ ನುಡಿಸಬೇಕಿದ್ದ ನಮ್ಮ ಕನ್ನಡಿಗರ ಬಗ್ಗೆ ಎರಡು ಪ್ಯಾರಾ ಬರೆದವರು ಗಾಯಕಿಗೆ ಕೊಟ್ಟಿದ್ದು ಒಂದೇ ಸಾಲು. ಅದರಲ್ಲೂ ಅವರ ಸೆತಾರ್ ‘ಸಿತಾರ್’ ಆಗಿದೆ. ಹೆಸರಿನ ಅರ್ಥ ಮೂರು ತಂತಿಯೆಂದಾದರೂ ಈಗ ನಾಲ್ಕು ತಂತಿಗಳಿರುವ, ತೋರುಬೆರಳಿನ ಉಗುರಿನಿಂದ ನುಡಿಸುವ, ತೊಡೆಯ ಮೇಲೆ ಹಗುರವಾಗಿ ಕೂರುವ ಪುಟ್ಟ ವಾದ್ಯವದು. ಹಿಂದೊಮ್ಮೆ ಮುಂದಿನ ಸಾಲಿನಲ್ಲಿ ಕುಳಿತು, ಬುರುಡೆಯ ತೆಳು ಮರಕ್ಕೆ ಆ ಉಗುರು ತಾಗುವ ಸಣ್ಣ ಸದ್ದನ್ನೂ ಕೇಳಿದ್ದೇನೆ. ಅದರಿಂದ ಬ್ರಿಟನ್ನಿನ ಭದ್ರತೆಗೆ ಅದೆಂಥ ಅಪಾಯವಿತ್ತೋ ವೀಸಾ ಅಧಿಕಾರಿಗಳೇ ಬಲ್ಲರು.

ಬರ್ಮಿಂಗ್‌ಹ್ಯಾಮಿನಿಂದ ಹೊರಡಲು ನನ್ನ ಹೆಂಡತಿ ಅರ್ಧ ದಿನ ರಜೆ ಹಾಕಿದ್ದಳು, ಮಗುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದ್ದೆವು. ಮಳೆಯಲ್ಲಿ ನೆನೆದು ಸಭಾಂಗಣ ತಲುಪಿದ ಮೇಲೆ ತಿಳಿದದ್ದು ಈ ಸುದ್ದಿ. ಟಿಕೆಟ್ಟಿನ ಹಣ ವಾಪಸು ಬರುವುದಂತೆ, ಸೇವಾ ಶುಲ್ಕ ಮಾತ್ರ ಬಾರದಂತೆ. ಯಾವ ಸೇವೆಗೆಂದು ಕೇಳಿದರೆ ಕೌಂಟರಿನ ಹುಡುಗ ನಕ್ಕ.

ನಮ್ಮದು ಒಂದು ಸಂಜೆಯ ಪಾಡು, ಆ ಗಾಯಕಿಯದು ಇಡೀ ಬದುಕಿನದು. 1979ರ ಕ್ರಾಂತಿಯ ನಂತರ ಇರಾನಿನಲ್ಲಿ ಹೆಣ್ಣೊಬ್ಬಳು ಗಂಡಸರಿರುವ ಸಭೆಯಲ್ಲಿ ಒಂಟಿಯಾಗಿ ಹಾಡುವಂತಿಲ್ಲ. ತೆಹರಾನ್ ರೇಡಿಯೊದ ‘ಗೋಲ್ಹಾ’ ಕಾರ್ಯಕ್ರಮದಿಂದ ಮನೆಮಾತಾಗಿದ್ದ ಮರ್ಝಿಯೆ ಅವರಂಥ ಗಾಯಕಿಯೇ ಹದಿನೈದು ವರ್ಷ ವೇದಿಕೆಯಿಲ್ಲದೆ ಕಳೆದು, 1994ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ದೇಶ ಬಿಟ್ಟರು. 2010ರಲ್ಲಿ ಪ್ಯಾರಿಸ್ಸಿನಲ್ಲೇ ತೀರಿಕೊಂಡರು. ಇರಾನಿ ಸಂಗೀತದಲ್ಲಿ ನಮ್ಮ ರಾಗಗಳನ್ನು ಹೋಲುವ ಏಳು ದಸ್ತಗಾಹ್‌ಗಳ ಸಂಪ್ರದಾಯವನ್ನು ಗುರುಮುಖೇನ ಕಲಿತವರಿಗೆ ಕಂಠದಲ್ಲಿರುವುದೇ ಊರು. ಉಳಿದ ಪ್ರಯಾಣಕ್ಕೆಲ್ಲ 1951ರ ಜಿನೀವಾ ಒಪ್ಪಂದದನ್ವಯ ಕೊಡುವ ನಿರಾಶ್ರಿತರ ಪ್ರಯಾಣ ಪತ್ರವೊಂದೇ ಗತಿ. ಅದನ್ನು ಹಿಡಿದು ಪ್ಯಾರಿಸ್ಸಿನಿಂದ ಎರಡೂಕಾಲು ಗಂಟೆಯ ರೈಲು ಹತ್ತಬೇಕಾದರೂ ವೀಸಾ ಬೇಕು. ಹುಟ್ಟಿದ ದೇಶ ಹಾಡಬೇಡವೆಂದಿತು, ಈ ದೇಶ ಅಷ್ಟನ್ನೂ ಹೇಳದೆ ಅರ್ಜಿಯನ್ನು ‘ಪರಿಶೀಲನೆಯಲ್ಲಿದೆ’ ಎಂದು ಇಟ್ಟುಕೊಂಡಿತು.

ಈ ಪರಿಶೀಲನೆಯ ವೈಭವ ನನಗೆ ಹೊಸದಲ್ಲ. ಮಗುವಿನ ನಾಮಕರಣಕ್ಕೆಂದು ಮಂಡ್ಯದಿಂದ ಅಮ್ಮ ಹಾಕಿದ್ದ ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಮಗು ಅಂಬೆಗಾಲಿಡುತ್ತಿತ್ತು. ಅಮ್ಮನಿಗೆ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಬ್ಯಾಂಕಿನ ಅದೇ ಕಾಗದವನ್ನು ಮೂರು ಸಲ ತರಿಸಿದ ಮಹಾನುಭಾವರು, ಪ್ಯಾರಿಸ್ಸಿನ ಕೇಂದ್ರದಲ್ಲೂ ತಮ್ಮ ಬಳಗದವರನ್ನೇ ಕೂರಿಸಿರಬೇಕು.

ಆದ್ದರಿಂದ ಕಲಾವಿದರ ಅರ್ಜಿಗಳನ್ನು ಕಛೇರಿಯ ದಿನಾಂಕಕ್ಕೆ ಮೊದಲೇ ಇತ್ಯರ್ಥ ಮಾಡಬೇಕು, ಇಲ್ಲವೇ ಟಿಕೆಟ್ ಮಾರಲು ಬಿಡಬಾರದು. ಸಭಾಂಗಣದವರು ಸೇವಾ ಶುಲ್ಕವನ್ನೂ ಹಿಂತಿರುಗಿಸಬೇಕು. ಸಂಬಂಧಪಟ್ಟವರು ಯಾರೇ ಆಗಿರಲಿ, ಸ್ವಲ್ಪ ನಾಚಿಕೆ ಪಡಲಿ. ತಾವೂ ಸಿತಾರ್ ಎಂಬುದನ್ನು ತಿದ್ದಿ ಪ್ರಕಟಿಸಿ.

ಇತಿ,
ನೊಂದ ಓದುಗ, ಬರ್ಮಿಂಗ್‌ಹ್ಯಾಮ್