ನೀನು ಬಿಟ್ಟುಹೋದ ನೋಟ್‌ಬುಕ್

ಪುಟ್ಟಿ,

ನೀನು ಮಸ್ಕತ್ತಿಗೆ ಹೋಗಿ ಒಂಬತ್ತು ದಿನ ಆಯ್ತು. ದಿನಾ ಫೋನ್ ಮಾಡುತ್ತೀಯ. ಅಮ್ಮನ ಹತ್ತಿರ ಅರ್ಧ ಗಂಟೆ ಮಾತು, ನನ್ನ ಕೈಗೆ ಬಂದರೆ "ಊಟ ಆಯ್ತಾ ಅಪ್ಪ" ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ.

ಹೊರಡುವ ಹಿಂದಿನ ರಾತ್ರಿಯದ್ದು ಇಬ್ಬರಿಗೂ ನೆನಪಿದೆ, ಅದು ಬೇಡ. ನೀನು ಎದ್ದು ಹೋಗುವಾಗ ಹೇಳಿದ್ದು ಮಾತ್ರ ನನಗೆ ಅರ್ಥ ಆಗಿರಲಿಲ್ಲ. "ಸಾಕಪ್ಪಾ, ಮಾರಲೈಸ್ ಮಾಡಬೇಡ." ಬೈದೆ ಅಂತ ಗೊತ್ತಾಯ್ತು, ಏನಂತ ಬೈದೆ ಅಂತ ಗೊತ್ತಾಗಲಿಲ್ಲ.

ಸೋಮವಾರ ಅಮ್ಮ ನಿನ್ನ ಕಪಾಟು ಸರಿ ಮಾಡುವಾಗ ಅರಬ್ಬಿ ಕಲಿಯುತ್ತಿದ್ದ ನೋಟ್‌ಬುಕ್ ಸಿಕ್ಕಿತು. ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಅರಬ್ಬಿ, ಆಮೇಲೆ ಅರ್ಥ. ನೋವಿಗೆ ಅಲಮ್, ಔಷಧಿಗೆ ದವಾ. ಎಷ್ಟು ಚೆಂದ ಗೆರೆ ಹೊಡೆದು ಬರೆದಿದ್ದೀಯ! ಎಸ್ಸೆಸ್ಸೆಲ್ಸಿ ದಾಟದ ನಾನು ಪುಟ ಪುಟ ತಿರುಗಿಸಿ ನೋಡಿದೆ, ಅಂಗಡಿಗೆ ಬಂದವರಿಗೂ ತೋರಿಸಿದೆ. ಕೊನೆಯ ಪುಟದಲ್ಲಿತ್ತು. ಮಾರಲೈಸ್, ವಅಝ, ಉಪದೇಶ ಮಾಡು. ಅದರ ಮುಂದೆ ಪೆನ್ಸಿಲ್‌ನಲ್ಲಿ ಸಣ್ಣಗೆ, "ಅಪ್ಪ".

ಅವತ್ತು ಕತ್ತರಿ ಹಿಡಿಯಲು ಮನಸ್ಸಾಗಲಿಲ್ಲ.

ಮರುದಿನ ಮಸೀದಿಯ ಉಸ್ತಾದರು ಜುಬ್ಬಾದ ಅಳತೆ ನೋಡಲು ಬಂದರು, ಅವರಿಗೇ ಕೇಳಿದೆ. ವಅಝ ಕೆಟ್ಟ ಪದ ಅಲ್ಲವಂತೆ. ಇಂಗ್ಲಿಷಿನದ್ದರಲ್ಲಿ ಎದುರಿನವರ ತಪ್ಪು ಎತ್ತಿ ಆಡುವ ವಾಸನೆ ಇದೆ, ಅರಬ್ಬಿಯಲ್ಲಿ ಹಾಗೇನೂ ಇಲ್ಲ ಅಂದರು. 8ನೇ ಶತಮಾನದಲ್ಲಿ ಬಸ್ರಾ ಊರಿನಲ್ಲಿದ್ದ ಖಲೀಲ್ ಅನ್ನುವ ಪಂಡಿತರು ಅರಬ್ಬಿಯ ಮೊದಲ ನಿಘಂಟಿಗೆ ಕೈ ಹಾಕಿದವರಂತೆ. ಒಬ್ಬರ ಮನಸ್ಸು ಕರಗುವ ಹಾಗೆ ಒಳ್ಳೆಯದನ್ನು ನೆನಪು ಮಾಡಿಕೊಡುವುದು, ಇದು ಅವರು ಈ ಪದಕ್ಕೆ ಕೊಟ್ಟ ಅರ್ಥ.

ಮನಸ್ಸು ಕರಗುವ ಹಾಗೆ. ನಾನು ಹೇಳಿದ್ದಕ್ಕೆ ನಿನ್ನ ಮನಸ್ಸು ಯಾವತ್ತಾದರೂ ಕರಗಿದೆಯಾ ಪುಟ್ಟಿ? ನಮ್ಮ ಕಡೆ ಇದಕ್ಕೆ ಕೊರೆಯುವುದು ಅಂತಲೇ ಅನ್ನುತ್ತಾರೆ, ಅಲ್ವಾ.

ನೀನು ಎಂಟನೇ ಕ್ಲಾಸಿನಲ್ಲಿದ್ದಾಗಿನ ಎಳ್ಳಮಾವಾಸ್ಯೆ ಜಾತ್ರೆ ನಿನಗೆ ನೆನಪಿದೆಯೋ ಇಲ್ಲವೋ. ತೆಪ್ಪೋತ್ಸವದ ದಿನ ಡ್ರಾಯರಿನಲ್ಲಿದ್ದ ನೂರರ ಎರಡು ನೋಟು ಕಾಣಲಿಲ್ಲ. ನೀನೇ ತೆಗೆದೆ ಅಂದುಕೊಂಡೆ. ಅಂಗಡಿ ತುಂಬ ಜನ. ಕಳ್ಳತನ ಹೇಗೆ ಶುರುವಾಗುತ್ತದೆ, ಮನೆಯ ಮರ್ಯಾದೆ ಅಂದರೆ ಏನು ಅಂತ ಎಲ್ಲರೆದುರು ಒಂದು ಗಂಟೆ ಹೇಳಿದೆ. ನೀನು ಅಳಲಿಲ್ಲ. ಕೈಯಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ಇತ್ತು, ಅದನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದೆ. ನಿನ್ನ ಲಂಗದ ಮೇಲೆಲ್ಲಾ ನೀಲಿ ಪುಡಿ ಉದುರಿತ್ತು.

ಎಂಟು ದಿನ ಬಿಟ್ಟು ಬಿಲ್ ಬುಕ್ಕಿನ ರಟ್ಟಿನೊಳಗೆ ಎರಡೂ ನೋಟು ಸಿಕ್ಕಿದವು. ನೂಲಿನವನಿಗೆ ಕೊಡಬೇಕು ಅಂತ ನಾನೇ ಇಟ್ಟಿದ್ದೆ. ನಿನಗೆ ಹೇಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ರಾತ್ರಿ ಕೂತು ನಿನಗೊಂದು ಹಸಿರು ಲಂಗ ಹೊಲಿದೆ, ಹಬ್ಬವಿಲ್ಲದೆ ಯಾಕಪ್ಪಾ ಅಂತ ನೀನು ಕೇಳಿದೆ, ಸುಮ್ನೆ ಅಂದೆ. ಸುಮ್ನೆ ಆಗಿರಲಿಲ್ಲ. ಇಷ್ಟು ವರ್ಷ ಆ ನೀಲಿ ಪುಡಿ ನನ್ನ ಕಣ್ಣ ಮುಂದಿದೆ. ಆ ಅಂಗಡಿಯಲ್ಲಿದ್ದ ಜನರಿಗೆಲ್ಲಾ ನೀನು ಕದ್ದಿರಲಿಲ್ಲ ಅಂತ ನಾನು ಇವತ್ತಿಗೂ ಹೇಳಿಲ್ಲ, ಅವರಲ್ಲಿ ಇಬ್ಬರು ತೀರಿಕೊಂಡೂ ಆಯ್ತು. ತಪ್ಪು ನನ್ನದು ಪುಟ್ಟಿ. ಕ್ಷಮಿಸು.

ಉಸ್ತಾದರು ಇನ್ನೊಂದು ಪದವನ್ನೂ ಹೇಳಿದರು, ನಸೀಹತ್. ನಿನ್ನ ನೋಟ್‌ಬುಕ್ಕಿನಲ್ಲಿ ಅದು ಇಲ್ಲ, ಬರೆದುಕೋ. ಅರಬ್ಬಿಯಲ್ಲಿ ನಸೀಹ, ಒಬ್ಬರ ಒಳ್ಳೆಯದನ್ನೇ ಬಯಸಿ ಹೇಳುವ ಮಾತು. ಅದೇ ಬೇರಿನಿಂದ ಹಳೇ ಅರಬ್ಬಿಯಲ್ಲಿ ಬಟ್ಟೆ ಹೊಲಿಯುವುದಕ್ಕೂ ಪದ ಇತ್ತಂತೆ. ದರ್ಜಿಗೆ ನಾಸಿಹ್, ಸೂಜಿಗೆ ಮಿನ್ಸಹ. ನನ್ನ ಮಿಷನ್ ಕಡೆ ನೋಡಿಕೊಂಡೇ ಹೇಳಿದರು. ಮೂವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಹರಿದಿದ್ದಕ್ಕೆ ಯಾವ ನೂಲು, ಎಷ್ಟು ಬಿಗಿ ಅಂತ ಬಟ್ಟೆ ಮುಟ್ಟಿದರೆ ಗೊತ್ತಾಗುತ್ತದೆ. ನಿನ್ನ ಹತ್ತಿರ ಮಾತಾಡುವಾಗ ಮಾತ್ರ ಗೊತ್ತಾಗಲೇ ಇಲ್ಲ.

ನೈಟ್ ಡ್ಯೂಟಿ ಮುಗಿಸಿ ಒಬ್ಬಳೇ ನಡೆದು ಬರಬೇಡ. ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀಯ ಅಂತ ಯಾರಿಗೂ ಹೇಳಬೇಡ. ಹೊಸಬರು ಸಾಲ ಕೇಳಿದರೆ ಕೊಡಬೇಡ, ಮನೆಗೆ ಜಾಸ್ತಿ ದುಡ್ಡು ಕಳಿಸಬೇಕು ಅಂತ ಹೊಟ್ಟೆ ಕಟ್ಟಬೇಡ, ಹಿರಿಯ ನರ್ಸುಗಳಿಗೆ ಎದುರು ಮಾತಾಡಬೇಡ, ಆದರೆ ಅವರು ತಪ್ಪು ಮಾಡಿದರೆ ರೋಗಿಯ ಸಲುವಾಗಿ ಹೇಳು, ಹೆದರಬೇಡ. ಎಷ್ಟೊಂದು "ಬೇಡ" ಬರೆದೆ. ಹೊಡೆದು ಹಾಕೋಣ ಅನ್ನಿಸಿತು, ಆದರೆ ಇಷ್ಟು ದೂರದಿಂದ ನಾನು ಬೇರೆ ಏನು ಮಾಡಲಿ ಹೇಳು.

ಇಲ್ಲಿ ಮಳೆ ಬಿಟ್ಟಿಲ್ಲ, ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ. ನಿನ್ನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಅಂತ ಅಮ್ಮ ಹೇಳಿದಳು. ರಾತ್ರಿ ಒಂಬತ್ತೂವರೆಗೆ ಅಂಗಡಿ ಬಾಗಿಲು ಹಾಕುವಾಗ ನಿನಗೆ ಎಂಟು ಗಂಟೆ. ಆಗ ನನ್ನ ಫೋನಿಗೇ ಮಾಡು.

ನೋಟ್‌ಬುಕ್ ಕಳಿಸಲಾ, ಇಲ್ಲೇ ಇಟ್ಟಿರಲಾ ತಿಳಿಸು. ಪೆನ್ಸಿಲ್‌ನಲ್ಲಿ ಬರೆದಿದ್ದನ್ನು ನಾನು ಅಳಿಸಿಲ್ಲ.

ನಿನ್ನ ಅಪ್ಪ